ಬಾಲನಟರ ದುಡಿಮೆ: ಹಣ ಯಾರ ಕೈಗೆ, ಕಾವಲು ಯಾರ ಹೊಣೆ?

ಜೆನೆಟ್ ಮೆಕರ್ಡಿ ಎಂದರೆ ನಮ್ಮ ಕಡೆ ದೊಡ್ಡವರಿಗೆ ಯಾರೆಂದು ಹೊಳೆಯಲಿಕ್ಕಿಲ್ಲ. ಮಕ್ಕಳ ಚಾನೆಲ್ ನೋಡಿಕೊಂಡು ಬೆಳೆದ, ಈಗ ಇಪ್ಪತ್ತರ ಆಚೀಚೆ ಇರುವವರನ್ನು ಕೇಳಿದರೆ ಗೊತ್ತಾದೀತು. ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 2007ರಿಂದ 2012ರವರೆಗೆ ಬಂದ ‘ಐಕಾರ್ಲಿ’ ಧಾರಾವಾಹಿಯಲ್ಲಿ ಸ್ಯಾಮ್ ಎಂಬ ತಂಟೆಕೋರ ಹುಡುಗಿಯಾಗಿದ್ದವರು ಅವರು. 2022ರ ಆಗಸ್ಟ್‌ನಲ್ಲಿ ಅವರ ಆತ್ಮಕಥನ ಹೊರಬಂತು. ಅಮ್ಮ ಸತ್ತದ್ದಕ್ಕೆ ನನಗೆ ಖುಷಿ ಎಂದು ಮುಖಪುಟದ ಮೇಲೇ ಹೇಳುವ ಪುಸ್ತಕ ಅದು. ಆಪಲ್ ಸಂಸ್ಥೆ ಅದನ್ನು ವೆಬ್ ಸರಣಿ ಮಾಡುತ್ತದೆ, ತಾಯಿಯ ಪಾತ್ರ ಜೆನಿಫರ್ ಆನಿಸ್ಟನ್ ಅವರದು ಎಂದು 2025ರ ಜುಲೈನಲ್ಲಿ ಪ್ರಕಟವಾಯಿತು.

ಸುದ್ದಿಯನ್ನು ಮೊಬೈಲ್‌ನಲ್ಲಿ ತುಣುಕು ತುಣುಕಾಗಿ ಓದಿದವರಿಗೆ ಗಲಿಬಿಲಿ ಆಗುವುದು ಸಹಜ. ಹೆತ್ತ ತಾಯಿಯ ಬಗ್ಗೆ ಹೀಗೆ ಬರೆಯುವುದೇ? ಕೀರ್ತಿ, ಹಣ ಎಲ್ಲ ಸಿಕ್ಕ ಮೇಲೆ ದೂರುವುದೇನಿದೆ? ಅಷ್ಟು ಕಷ್ಟವಿದ್ದರೆ ಆಗಲೇ ಏಕೆ ಬಾಯಿ ಬಿಡಲಿಲ್ಲ? ನಮ್ಮ ವಾಹಿನಿಗಳಲ್ಲಿ ಕುಣಿಯುವ, ಹಾಡುವ, ಅಳುವ, ನಗಿಸುವ ಮಕ್ಕಳಿಗೂ ಇದಕ್ಕೂ ಏನು ಸಂಬಂಧ? ಮೊದಲ ಮೂರು ಪ್ರಶ್ನೆಗಳ ಸುತ್ತ ಜಗಳ ಜೋರಾಗಿದೆ. ನಾಲ್ಕನೆಯದನ್ನು ಯಾರೂ ಹೆಚ್ಚು ಕೇಳುತ್ತಿಲ್ಲ. ಅದಕ್ಕೆ ಉತ್ತರ ಹುಡುಕಿದರೆ ಮೊದಲ ಮೂರಕ್ಕೂ ದಾರಿ ಕಾಣುತ್ತದೆ.

ಪುಸ್ತಕದಲ್ಲಿ ಇರುವುದೇನು

ಮೆಕರ್ಡಿ ಹುಟ್ಟಿದ್ದು 1992ರಲ್ಲಿ, ಕ್ಯಾಲಿಫೋರ್ನಿಯದ ಕೈ ಬಿಗಿಯಿದ್ದ ಒಂದು ಮನೆಯಲ್ಲಿ. ತಾಯಿಗೆ ತಾನು ನಟಿಯಾಗಬೇಕೆಂಬ ಆಸೆಯಿತ್ತು, ಕೈಗೂಡಲಿಲ್ಲ. ಮಗಳಿಗೆ ಆರು ವರ್ಷವಾದಾಗ ಆಡಿಷನ್‌ಗಳ ಓಡಾಟ ಶುರುವಾಯಿತು. ಹನ್ನೊಂದನೇ ವಯಸ್ಸಿನಲ್ಲಿ, ಮೈ ಬೆಳೆದರೆ ಮಕ್ಕಳ ಪಾತ್ರ ಸಿಗುವುದಿಲ್ಲವೆಂಬ ಭಯಕ್ಕೆ ತಾಯಿಯೇ ಊಟ ಅಳೆದು ಕೊಡುವುದನ್ನು ಕಲಿಸಿದರು. ಅಲ್ಲಿಂದ ಶುರುವಾದ ಆಹಾರದ ಕಾಯಿಲೆ ವರ್ಷಗಟ್ಟಲೆ ಬಿಡಲಿಲ್ಲ. ಹದಿಹರೆಯಕ್ಕೆ ಬಂದ ಮೇಲೂ ಸ್ನಾನ ಮಾಡಿಸುತ್ತಿದ್ದದ್ದು ತಾಯಿಯೇ. ಮೇಲ್, ಕರಾರು, ಸಂಬಳ ಎಲ್ಲವೂ ಅವರ ಹಿಡಿತದಲ್ಲಿತ್ತು. ಮನೆ ನಡೆಯುತ್ತಿದ್ದದ್ದು ಮಗಳ ದುಡಿಮೆಯಿಂದ. ತಾಯಿ 2013ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ವಾಹಿನಿಯ ವಿಷಯವೂ ಪುಸ್ತಕದಲ್ಲಿದೆ. ಅಲ್ಲಿನ ಅನುಭವಗಳನ್ನು ಹೊರಗೆ ಹೇಳಬಾರದೆಂಬ ಷರತ್ತಿನ ಮೇಲೆ 3 ಲಕ್ಷ ಡಾಲರ್ ಕೊಡುವ ಮಾತು ಬಂತು, ತಾನು ಒಪ್ಪಲಿಲ್ಲ ಎಂದು ಆಕೆ ಬರೆದಿದ್ದಾರೆ. ಸುದ್ದಿಯ ತಲೆಬರಹಗಳಲ್ಲಿ ತಾಯಿಯ ಕಥೆ ಮುಂದೆ ಬಂದು ಈ ಭಾಗ ಹಿಂದೆ ಸರಿಯಿತು. ಎರಡನ್ನೂ ಜೊತೆಗಿಟ್ಟು ಓದದಿದ್ದರೆ ಇದು ಒಂದು ಮನೆಯ ತಾಯಿ–ಮಗಳ ವ್ಯಾಜ್ಯವಾಗಿಯೇ ಕಾಣುತ್ತದೆ.

ತಾಯಿಯೇ ಮ್ಯಾನೇಜರ್ ಆದಾಗ

ಗಾರೆ ಕೆಲಸದವನಿಗೆ ಮೇಸ್ತ್ರಿ ಕೂಲಿ ಕೊಡದಿದ್ದರೆ ಮನೆಯವರ ಹತ್ತಿರ ಹೇಳಿಕೊಳ್ಳಬಹುದು. ಮನೆಯಲ್ಲಿ ಹೊಡೆತ ತಿನ್ನುವ ಮಗು ಶಾಲೆಯ ಮೇಡಂ ಹತ್ತಿರವಾದರೂ ಅಳಬಹುದು. ಒಂದು ಕಡೆ ತೊಂದರೆಯಾದರೆ ಇನ್ನೊಂದು ಕಡೆ ಹೋಗಿ ನಿಲ್ಲಲು ಜಾಗವಿರುತ್ತದೆ. ಬಾಲನಟರಿಗೆ ಈ ಜಾಗವೇ ಇಲ್ಲವಾಗುತ್ತದೆ. ಕೆಲಸ ಒಪ್ಪಿಕೊಳ್ಳುವವರು ತಂದೆ ತಾಯಿ, ಕರಾರಿಗೆ ಸಹಿ ಹಾಕುವವರು ಅವರೇ, ಚೆಕ್ ತೆಗೆದುಕೊಳ್ಳುವವರೂ ಅವರೇ. ಮಗುವಿಗೆ ತೊಂದರೆಯಾದರೆ ದೂರು ಕೊಡಬೇಕಾದವರೂ ಅವರೇ. ಮಗು ಸುಸ್ತಾಗಿದೆ, ಇವತ್ತು ಶೂಟಿಂಗ್ ಬೇಡ ಎಂದು ಹೇಳಬೇಕಾದವರ ಮನೆ ಬಾಡಿಗೆ ಆ ಶೂಟಿಂಗ್‌ನಿಂದಲೇ ಬರುತ್ತಿರುತ್ತದೆ.

ತಾಯಿ ಕೆಟ್ಟವರಾಗಿದ್ದರೆ ಮಾತ್ರ ತೊಂದರೆ ಎಂದುಕೊಳ್ಳಬಾರದು. ಪ್ರೀತಿಯ ತಂದೆ ತಾಯಿಯನ್ನೂ ಈ ಏರ್ಪಾಡು ನಿಧಾನವಾಗಿ ಬದಲಾಯಿಸುತ್ತದೆ. ಮೊದಲು ಮಗುವಿನ ಉತ್ಸಾಹಕ್ಕೆಂದು ಹೋಗುತ್ತಾರೆ. ಆಮೇಲೆ ಅಪ್ಪ ಕೆಲಸಕ್ಕೆ ರಜೆ ಹಾಕುತ್ತಾನೆ, ಅಮ್ಮ ಕೆಲಸ ಬಿಡುತ್ತಾಳೆ, ಸೆಟ್‌ಗೆ ಹತ್ತಿರ ಬಾಡಿಗೆ ಮನೆ ಹಿಡಿಯುತ್ತಾರೆ. ಇಷ್ಟು ಆದ ಮೇಲೆ ನಿಲ್ಲಿಸುವುದು ನಷ್ಟದ ಮಾತು. ಮಗು ಬೇಡ ಎಂದರೂ ಬೇಡ ಎಂದಂತೆ ಕೇಳಿಸುವುದಿಲ್ಲ.

ಅಮೆರಿಕದಲ್ಲಿ ಈ ಪಾಠ ಬಹಳ ಹಿಂದೆಯೇ ಆಗಿದೆ. ಚಾರ್ಲಿ ಚಾಪ್ಲಿನ್ ಜೊತೆ 1921ರಲ್ಲಿ ಪುಟ್ಟ ಹುಡುಗನಾಗಿ ನಟಿಸಿ ಜಗತ್ಪ್ರಸಿದ್ಧನಾದ ಜಾಕಿ ಕೂಗನ್‌ಗೆ, ಬೆಳೆದು ದೊಡ್ಡವನಾದಾಗ ತಾನು ದುಡಿದ ಲಕ್ಷಾಂತರ ಡಾಲರ್ ಕರಗಿಹೋಗಿರುವುದು ಗೊತ್ತಾಯಿತು. ಖರ್ಚು ಮಾಡಿದವರು ತಾಯಿ ಮತ್ತು ಮಲತಂದೆ. 1938ರಲ್ಲಿ ಕೋರ್ಟಿಗೆ ಹೋದ. ಕೊನೆಗೆ ಕೈಗೆ ಬಂದದ್ದು 1,26,000 ಡಾಲರ್. ಅಪ್ರಾಪ್ತ ಮಗನ ದುಡಿಮೆ ಪೋಷಕರದ್ದೇ ಎಂದು ಆಗಿನ ಕಾನೂನು ಹೇಳುತ್ತಿತ್ತು. ಆ ಗಲಾಟೆಯಿಂದ 1939ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅವನ ಹೆಸರಿನಿಂದಲೇ ಕರೆಯುವ ಕಾನೂನು ಬಂತು. 2000ರಲ್ಲಿ ಅದನ್ನು ಬಿಗಿ ಮಾಡಿ, ಮಗುವಿನ ಸಂಭಾವನೆಯಲ್ಲಿ ಶೇ 15ನ್ನು ಯಾರೂ ಮುಟ್ಟದ ಖಾತೆಯಲ್ಲಿ ಇಡಬೇಕೆಂದು ಮಾಡಿದರು. ಅಲ್ಲಿನ ಸೆಟ್‌ಗಳಲ್ಲಿ ಸರ್ಕಾರದಿಂದ ಪ್ರಮಾಣಪತ್ರ ಪಡೆದ ಶಿಕ್ಷಕರು ಇರಬೇಕು. ಪಾಠದ ಜೊತೆಗೆ ಮಗುವಿನ ಕ್ಷೇಮದ ಹೊಣೆಯೂ ಅವರದು.

ಇಷ್ಟೆಲ್ಲ ಇದ್ದ ಊರಿನಲ್ಲೇ ಮೆಕರ್ಡಿಯ ಕಥೆ ನಡೆಯಿತು. ಹಣಕ್ಕೆ ಬೀಗ ಹಾಕುವ ಕಾನೂನು ಊಟದ ತಟ್ಟೆಯನ್ನು ನೋಡುವುದಿಲ್ಲ. ಸೆಟ್‌ನಲ್ಲಿ ಕೂರುವ ಶಿಕ್ಷಕರು ಮನೆಯ ಬಚ್ಚಲಿಗೆ ಬರುವುದಿಲ್ಲ.

ಹಾಗಾದರೆ ಪೋಷಕರನ್ನು ದೂರ ಇಡಬೇಕೆ?

ಅವಸರದ ಓದುಗರು ಇಲ್ಲಿಗೆ ಬಂದು ನಿಲ್ಲುತ್ತಾರೆ. ಅದೇ ವಾಹಿನಿಯ ಇನ್ನೊಬ್ಬ ಬಾಲನಟ ಡ್ರೇಕ್ ಬೆಲ್ ಕಥೆ ಇದಕ್ಕೆ ತದ್ವಿರುದ್ಧ. 2024ರ ಮಾರ್ಚ್‌ನಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಅವರು ಮೊದಲ ಬಾರಿ ಹೆಸರು ಹೇಳಿಕೊಂಡು ಮಾತಾಡಿದರು. ಮಕ್ಕಳಿಗೆ ಸಂಭಾಷಣೆ ಹೇಳಿಕೊಡಲು ಇದ್ದ ವ್ಯಕ್ತಿಯೊಬ್ಬ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದನೆಂದು ತಿಳಿಸಿದರು. ಆ ವ್ಯಕ್ತಿಗೆ 2004ರಲ್ಲೇ 16 ತಿಂಗಳ ಶಿಕ್ಷೆಯಾಗಿತ್ತು. ಬೆಲ್ ಆಗ ಅಪ್ರಾಪ್ತನಾಗಿದ್ದದ್ದರಿಂದ ಹೆಸರು ಗುಟ್ಟಾಗಿತ್ತು. ಆರೋಪಿಯ ಪರವಾಗಿ ಒಳ್ಳೆಯ ನಡತೆಯ ಪತ್ರ ಬರೆದುಕೊಟ್ಟವರಲ್ಲಿ ಉದ್ಯಮದ ಗೊತ್ತಿರುವ ಮುಖಗಳೂ ಇದ್ದವು.

ಇಲ್ಲಿ ಮಗನ ಮ್ಯಾನೇಜರ್ ಆಗಿದ್ದವರು ತಂದೆ. ಆ ವ್ಯಕ್ತಿಯ ನಡವಳಿಕೆ ಸರಿಯಿಲ್ಲವೆಂದು ಸೆಟ್‌ನಲ್ಲಿ ಮೊದಲು ಹೇಳಿದವರೂ ಅವರೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಧಾನಕ್ಕೆ ತಂದೆಯನ್ನೇ ಮಗನ ಕೆಲಸದಿಂದ ಬದಿಗೆ ಸರಿಸಲಾಯಿತು. ಆಮೇಲೆ ಹುಡುಗನನ್ನು ಆಡಿಷನ್‌ಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದವನು ಆ ವ್ಯಕ್ತಿಯೇ.

ಒಂದು ಕಡೆ ತಾಯಿಯ ಹಿಡಿತವೇ ಮಗಳಿಗೆ ಮುಳುವಾಯಿತು, ಇನ್ನೊಂದು ಕಡೆ ತಂದೆ ಇಲ್ಲವಾದದ್ದೇ ಮಗನಿಗೆ ಮುಳುವಾಯಿತು. ಎರಡೂ ಕಡೆ ಕೊರತೆಯಿದ್ದದ್ದು ಒಂದೇ: ಆ ಮಗುವಿನ ದುಡಿಮೆಯಿಂದ ಲಾಭವಿಲ್ಲದ, ಆದರೆ ಬೇಡ ಎನ್ನುವ ಅಧಿಕಾರವಿರುವ ಮೂರನೆಯವರು. ಪೋಷಕರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆ ಈ ಕೊರತೆಯನ್ನು ಮರೆಸಿಬಿಡುತ್ತದೆ.

ಆಗ ಸುಮ್ಮನಿದ್ದು ಈಗೇಕೆ?

ಇದು ಬಹಳ ಜನ ಕೇಳುವ, ಕೇಳುವಾಗ ಸ್ವಲ್ಪ ವ್ಯಂಗ್ಯವೂ ಇರುವ ಪ್ರಶ್ನೆ.

ಹಿಂದಿ ಚಿತ್ರರಂಗದಲ್ಲಿ 1950ರ ದಶಕದ ಪ್ರಸಿದ್ಧ ಬಾಲನಟಿ ಡೈಸಿ ಇರಾನಿ. ಮದ್ರಾಸಿನಲ್ಲಿ ಚಿತ್ರೀಕರಣ ನಡೆಯುವಾಗ, ನೋಡಿಕೊಳ್ಳಲು ಜೊತೆಗೆ ಕಳಿಸಿದ್ದ ವ್ಯಕ್ತಿಯೇ ತನ್ನ ಮೇಲೆ ಅತ್ಯಾಚಾರ ಮಾಡಿದ್ದನೆಂದೂ ಆಗ ತನಗೆ ಆರು ವರ್ಷವೆಂದೂ ಅವರು ಹೇಳಿದ್ದು 2018ರಲ್ಲಿ. ನಡುವೆ ಸುಮಾರು ಅರವತ್ತು ವರ್ಷ. ಖುಷ್ಬೂ ಅವರನ್ನು ಕನ್ನಡದವರಿಗೆ ಪರಿಚಯಿಸಬೇಕಿಲ್ಲ. ರವಿಚಂದ್ರನ್ ಜೊತೆ ನಾಯಕಿಯಾಗುವ ಮೊದಲು ಹಿಂದಿಯಲ್ಲಿ ಬಾಲನಟಿಯಾಗಿದ್ದವರು. ಎಂಟನೇ ವಯಸ್ಸಿನಿಂದ ತಂದೆಯೇ ದೌರ್ಜನ್ಯ ಎಸಗಿದ್ದನ್ನು, ಹದಿನೈದನೇ ವಯಸ್ಸಿನಲ್ಲಿ ಎದುರು ನಿಲ್ಲುವ ಧೈರ್ಯ ಬಂದದ್ದನ್ನು ಅವರು 2023ರ ಮಾರ್ಚ್‌ನಲ್ಲಿ ವೇದಿಕೆಯ ಮೇಲೆ ಹೇಳಿದರು. ಗಂಡನೇ ದೇವರು ಎಂದುಕೊಂಡಿದ್ದ ತಾಯಿ ನಂಬುತ್ತಾರೋ ಇಲ್ಲವೋ ಎಂಬ ಅಳುಕು ಇತ್ತೆಂದೂ ಹೇಳಿದರು.

ಆರು ವರ್ಷದ ಮಗುವಿಗೆ ಆದದ್ದೇನೆಂದು ಹೇಳಲು ಮಾತೇ ಇರುವುದಿಲ್ಲ. ಹತ್ತು ವರ್ಷದ ಮಗುವಿಗೆ ಮಾತಿದ್ದರೂ, ತಾನು ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆ ನಡೆಯುವುದೇ ನಿಲ್ಲುತ್ತದೆ ಎಂಬುದು ಗೊತ್ತಿರುತ್ತದೆ. ಹದಿನೆಂಟಾದ ಮೇಲೂ ಹೇಳುವುದೆಂದರೆ ಹೆತ್ತವರನ್ನೋ ಅವಕಾಶ ಕೊಟ್ಟವರನ್ನೋ ಎದುರು ಹಾಕಿಕೊಳ್ಳುವುದು. ಮೆಕರ್ಡಿ ಬರೆದದ್ದು ನಟನೆ ಬಿಟ್ಟು, ವರ್ಷಗಟ್ಟಲೆ ಚಿಕಿತ್ಸೆ ಪಡೆದ ಮೇಲೆ. ಇದಕ್ಕೆ ತಡವೆಂದು ಹೆಸರಿಡುವುದು ಸುಲಭ. ಮೊದಲೇ ಹೇಳಿಕೊಳ್ಳಲು ಯಾವ ಬಾಗಿಲು ತೆರೆದಿತ್ತು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ.

ನಮ್ಮಲ್ಲಿ ಕಾನೂನೂ ಈ ತಡವನ್ನು ಸ್ವಲ್ಪ ಮಟ್ಟಿಗೆ ಒಪ್ಪಿಕೊಂಡಿದೆ. ಬಾಲ್ಯದಲ್ಲಿ ಆದ ಲೈಂಗಿಕ ದೌರ್ಜನ್ಯದ ಬಗ್ಗೆ ಪೋಕ್ಸೊ ಕಾಯ್ದೆಯಡಿ ದೂರು ಕೊಡಲು ಕಾಲಮಿತಿಯಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಆದರೆ ಆ ಕಾಯ್ದೆ ಜಾರಿಯಾದದ್ದು 2012ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಘಟನೆಗಳನ್ನು ಹಳೆಯ ದಂಡಸಂಹಿತೆಯಲ್ಲಿಯೇ ನೋಡಬೇಕು, ಅಲ್ಲಿ ಸಣ್ಣ ಶಿಕ್ಷೆಯ ಅಪರಾಧಗಳಿಗೆ ಕಾಲಮಿತಿಯಿದೆ. ಊಟ ಕಡಿತಗೊಳಿಸುವುದು, ಬೆದರಿಸುವುದು, ಬಿಡದೆ ದುಡಿಸುವುದು ಪೋಕ್ಸೊ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಮಾನಸಿಕ, ದೈಹಿಕ ನೋವು ಕೊಟ್ಟರೆ ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ತಂದೆ ತಾಯಿಗೂ ಅದು ಅನ್ವಯಿಸುತ್ತದೆ.

ಕೆಲಸವೋ ಕಲೆಯೋ: 2016ರ ವಿನಾಯಿತಿ

ಬಾಲಕಾರ್ಮಿಕ ಪದ್ಧತಿ ನಿಷೇಧ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಅದರಲ್ಲಿ ಎರಡು ಕಿಂಡಿ ಬಿಟ್ಟರು. ಒಂದು, ಶಾಲೆಯ ಹೊತ್ತು ಬಿಟ್ಟು ಮನೆಯವರ ಕಸುಬಿಗೆ ಕೈ ಜೋಡಿಸುವುದು. ಇನ್ನೊಂದು, ಸಿನಿಮಾ, ಧಾರಾವಾಹಿ, ಜಾಹೀರಾತು ಮುಂತಾದವುಗಳಲ್ಲಿ ಕಲಾವಿದರಾಗಿ ದುಡಿಯುವುದು. ಸರ್ಕಸ್‌ಗೆ ವಿನಾಯಿತಿ ಇಲ್ಲ. ಹಣಕ್ಕಾಗಿ ಬೀದಿಯಲ್ಲಿ ಆಟ ತೋರಿಸುವುದಕ್ಕೂ ಇಲ್ಲ. ಅಂದರೆ ಸಂತೆಬೀದಿಯಲ್ಲಿ ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಬಾಲಕಾರ್ಮಿಕಳು, ಅದೇ ಹಗ್ಗದ ಮೇಲೆ ಟೀವಿ ವೇದಿಕೆಯಲ್ಲಿ ನಡೆದವಳು ಬಾಲಕಲಾವಿದೆ. ಈ ಭೇದ ಯಾವ ನ್ಯಾಯವೆಂದು ಕೇಳಿದವರಿಗೆ ಸರಿಯಾದ ಸಮಾಧಾನ ಸಿಕ್ಕಿದ್ದು ಕಾಣೆ.

ಹವ್ಯಾಸಕ್ಕೆ ಮಾಡುವುದು ತಾನೇ ಎಂದು ಪೋಷಕರೂ ನಿರ್ಮಾಪಕರೂ ಹೇಳುವುದುಂಟು. ಕಾಯ್ದೆಯ ವಿವರಣೆಯಲ್ಲಿ ‘ಹವ್ಯಾಸವಾಗಿಯಾಗಲಿ ವೃತ್ತಿಯಾಗಿಯಾಗಲಿ’ ನಟಿಸುವ, ಹಾಡುವ ಮಗು ಕಲಾವಿದರೆಂದೇ ಇದೆ. ಹಾಗಾಗಿ ಆ ಮಾತು ನಿಲ್ಲುವುದಿಲ್ಲ.

2017ರ ನಿಯಮಗಳು ಈ ವಿನಾಯಿತಿಗೆ ಷರತ್ತು ಹಾಕಿದವು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಒಂದೇ ಸಮನೆ ಮೂರು ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಇರಬೇಕು. ಪಾಠ ತಪ್ಪದಂತೆ ವ್ಯವಸ್ಥೆಯಾಗಬೇಕು. ಮಗುವಿನ ಆದಾಯದಲ್ಲಿ ಕನಿಷ್ಠ ಶೇ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ನಿಶ್ಚಿತ ಠೇವಣಿ ಇಡಬೇಕು, ಹದಿನೆಂಟಾದ ಮೇಲೆ ಅದು ಮಗುವಿನ ಕೈಗೆ. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು. ಇದೆಲ್ಲಕ್ಕೂ ಮೊದಲು, ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ನಿರ್ಮಾಪಕರು ಅನುಮತಿ ಪಡೆಯಬೇಕು. ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ, ಹೊಣೆಗಾರರ ಹೆಸರು ಇರುವ ನಮೂನೆ ‘ಸಿ’ ಮುಚ್ಚಳಿಕೆ ಕೊಡಬೇಕು. ಅದರ ಆಯುಸ್ಸು ಆರು ತಿಂಗಳು.

ಕಾಗದದ ಮೇಲೆ ನೋಡಿದರೆ ಕ್ಯಾಲಿಫೋರ್ನಿಯದ ಶೇ 15ಕ್ಕಿಂತ ನಮ್ಮ ಶೇ 20 ದೊಡ್ಡದು. ಉಳಿದ ಶೇ 80ರ ಬಗ್ಗೆ ನಿಯಮ ಮಾತಾಡುವುದಿಲ್ಲ. ಅಪ್ರಾಪ್ತರ ಮನೆ, ಜಮೀನು ಮಾರಲು ಪೋಷಕರಿಗೆ ಕೋರ್ಟಿನ ಅಪ್ಪಣೆ ಬೇಕೆಂದು 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆ ಹೇಳುತ್ತದೆ. ಅದೇ ಮಗು ದುಡಿದು ತಂದ ನಗದಿಗೆ ಅಂಥ ಕಾವಲಿಲ್ಲ. ಇನ್ನು ಈ ಷರತ್ತುಗಳೆಲ್ಲ ಇರುವುದು ಹದಿನಾಲ್ಕು ತುಂಬದ ಮಕ್ಕಳಿಗೆ. ಹದಿನಾಲ್ಕರಿಂದ ಹದಿನೆಂಟರವರಿಗೆ ಕೆಲಸದ ಹೊತ್ತಿನ ಮಿತಿ ಕಾಯ್ದೆಯ ಬೇರೆ ಭಾಗದಲ್ಲಿದೆ, ಠೇವಣಿಯ ಷರತ್ತಿಲ್ಲ. ಪಾತ್ರ, ಸಂಭಾವನೆ ಎರಡೂ ದೊಡ್ಡದಾಗುವುದು ಸಾಮಾನ್ಯವಾಗಿ ಆ ವಯಸ್ಸಿನಲ್ಲೇ.

ಅತಿ ದುರ್ಬಲವಾದ ಕೊಂಡಿ ‘ಜವಾಬ್ದಾರಿಯ ವ್ಯಕ್ತಿ’ ಎಂಬುದು. ಅವರನ್ನು ನೇಮಿಸುವವರು ನಿರ್ಮಾಪಕರು. ಮಕ್ಕಳ ರಕ್ಷಣೆಯ ತರಬೇತಿ, ಸರ್ಕಾರದ ಪ್ರಮಾಣಪತ್ರ ಇರಬೇಕೆಂದು ನಿಯಮ ಕೇಳುವುದಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಕೈಕೆಳಗಿನ ಒಬ್ಬರು ಆ ಸಾಲಿನಲ್ಲಿ ಹೆಸರು ಬರೆದರೆ ಕಾಗದಕ್ಕೆ ಸಾಕು. ಸಂಬಳ ಕೊಡುವವರ ಎದುರು ಅವರು ಇವತ್ತು ಮಗುವಿಗೆ ಸಾಕು ಎಂದಾರೆಯೇ?

ತುಮಕೂರಿನ ಮಗು, ಬೆಂಗಳೂರಿನ ಸೆಟ್

ಈ ನಿಯಮವನ್ನು ನಮ್ಮ ಮೂರು ಜಿಲ್ಲೆಗಳ ಭೂಪಟದ ಮೇಲಿಟ್ಟು ನೋಡಿದರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲಾ ಕೇಂದ್ರಗಳು ಬೆಂಗಳೂರಿಗೆ ಹೆಚ್ಚು ಕಡಿಮೆ ಎಪ್ಪತ್ತು ಕಿಲೋಮೀಟರ್ ಒಳಗಿನವು. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು ಎನ್ನುವಷ್ಟು ಹತ್ತಿರ. ಈ ಹತ್ತಿರವೇ ಆಸೆ ಹುಟ್ಟಿಸುತ್ತದೆ. ರಾಯಚೂರಿನ ಪೋಷಕರು ಎರಡು ಸಲ ಯೋಚಿಸುವ ಕಡೆ ಶಿರಾದವರು, ಮುಳಬಾಗಿಲಿನವರು, ಗೌರಿಬಿದನೂರಿನವರು ಒಂದು ಕೈ ನೋಡಿಯೇ ಬಿಡೋಣ ಎನ್ನುತ್ತಾರೆ.

ಐದು ಗಂಟೆಯ ಲೆಕ್ಕ ಕೆಲಸದ್ದು. ಪ್ರಯಾಣದ ಬಗ್ಗೆ ನಿಯಮದಲ್ಲಿ ಮಾತಿಲ್ಲ. ಮಧುಗಿರಿಯಿಂದ ಹೊರಟ ಮಗು ಹೋಗಿ ಬರುವುದಕ್ಕೇ ಆರೇಳು ಗಂಟೆ ಕಳೆಯಬಹುದು. ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ಹೆಬ್ಬಾಳದಲ್ಲೋ ಟ್ರಾಫಿಕ್‌ಗೆ ಸಿಕ್ಕಿಕೊಂಡ ಹೊತ್ತು, ಮೇಕಪ್ ಹಾಕಿಸಿಕೊಂಡು ತನ್ನ ಸರದಿಗೆ ಕಾದ ಹೊತ್ತು ಇದೆಲ್ಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಯಮ ಪಾಲನೆಯಾದಂತೆಯೇ ಇರುತ್ತದೆ, ಮಗು ರಾತ್ರಿ ಹನ್ನೊಂದಕ್ಕೆ ಮಲಗುತ್ತದೆ.

ಅನುಮತಿ ಕೊಡಬೇಕಾದವರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿ. ಸ್ಟುಡಿಯೊ ಬೆಂಗಳೂರಿನಲ್ಲಿದ್ದರೆ ಕಡತ ಇರುವುದು ಅಲ್ಲಿನ ಕಚೇರಿಯಲ್ಲಿ. ಮಗುವಿನ ಶಾಲೆ, ಮನೆ, ಅಂಗನವಾಡಿ ಕಾಲದಿಂದ ಬಲ್ಲ ಮೇಡಂ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಲ್ಲ ಇರುವುದು ತುಮಕೂರಿನಲ್ಲೋ ಕೋಲಾರದಲ್ಲೋ. ಮಗು ಬಲ್ಲವರ ಕೈಯಲ್ಲಿ ಕಾಗದವಿಲ್ಲ, ಕಾಗದ ಇರುವವರಿಗೆ ಮಗು ಗೊತ್ತಿಲ್ಲ. ಒಂದು ಪ್ರತಿಯನ್ನು ಮಗುವಿನ ಊರಿನ ಘಟಕಕ್ಕೋ ಕ್ಷೇತ್ರ ಶಿಕ್ಷಣಾಧಿಕಾರಿಗೋ ಕಳಿಸಬೇಕೆಂಬ ಮಾತು ನಿಯಮದಲ್ಲಿಲ್ಲ.

ಶಾಲೆ ಈ ಕೊರತೆ ತುಂಬಬಹುದಿತ್ತು. ಮನೆಯ ಕಸುಬಿಗೆ ನೆರವಾಗುವ ಮಗು ತಿಳಿಸದೆ 30 ದಿನ ಸತತ ಗೈರಾದರೆ ಮುಖ್ಯ ಶಿಕ್ಷಕರು ನೋಡಲ್ ಅಧಿಕಾರಿಗೆ ತಿಳಿಸಬೇಕೆಂದು ನಿಯಮವಿದೆ. ಕಲಾವಿದ ಮಗುವಿಗೆ ಸತತ ಕೆಲಸದ ಮಿತಿಯೇ 27 ದಿನ. ವಾರಕ್ಕೆ ಮೂರು ದಿನದಂತೆ ತಪ್ಪಿಸಿಕೊಳ್ಳುವ ಮಗು ಯಾವ ಲೆಕ್ಕದ ಬಲೆಗೂ ಬೀಳುವುದಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಟೀವಿಯಲ್ಲಿ ಬಂದ ಮಗು ಶಾಲೆಗೂ ಹೆಮ್ಮೆ. ಫೋಟೊ ಇರುವ ಫ್ಲೆಕ್ಸ್ ಗೇಟಿನ ಮುಂದೆ ನಿಲ್ಲುತ್ತದೆ, ವಾರ್ಷಿಕೋತ್ಸವಕ್ಕೆ ಶಾಸಕರಿಂದ ಶಾಲು ಹಾಕಿಸುತ್ತಾರೆ. ಹಾಜರಿ ಕೇಳಬೇಕಾದವರೂ ಅಭಿಮಾನಿಗಳಾದ ಮೇಲೆ ಕೇಳುವವರು ಯಾರು?

ಇನ್ನು ಚಿತ್ರೀಕರಣವೇ ಈ ಜಿಲ್ಲೆಗಳಿಗೆ ಬಂದಾಗ. ನಂದಿಬೆಟ್ಟ, ದೇವರಾಯನದುರ್ಗ, ಅಂತರಗಂಗೆ, ಕೆಜಿಎಫ್‌ನ ಸೈನೈಡ್ ದಿಬ್ಬಗಳು ಕ್ಯಾಮೆರಾಕ್ಕೆ ಹೊಸವಲ್ಲ. ಅಲ್ಲಿ ಒಂದು ದಿನದ ದೃಶ್ಯದಲ್ಲಿ ಮಗುವಿದ್ದರೂ ಆಯಾ ಜಿಲ್ಲಾಧಿಕಾರಿಯ ಅನುಮತಿ ಬೇಕು. ಪ್ರೊಡಕ್ಷನ್‌ನವರು ಜಾಗದ ಅನುಮತಿಗೆ ಪ್ರವಾಸೋದ್ಯಮ, ಅರಣ್ಯ, ಮುಜರಾಯಿ ಎಂದು ಇಲಾಖೆಯಿಂದ ಇಲಾಖೆಗೆ ಅಲೆಯುತ್ತಾರೆ, ಏಕೆಂದರೆ ಅದಿಲ್ಲದೆ ಗೇಟು ತೆರೆಯುವುದಿಲ್ಲ. ಮಗುವಿನ ಅನುಮತಿ ಇಲ್ಲದಿದ್ದರೆ ಯಾವ ಗೇಟೂ ಮುಚ್ಚುವುದಿಲ್ಲ.

ಆಸೆಯ ಹಿಂದೆ ವಂಚನೆಯೂ ಬರುತ್ತದೆ. ಬೆಂಗಳೂರಿನಲ್ಲಿ 2023ರಲ್ಲಿ ಜನಪ್ರಿಯ ಬಾಲಕಲಾವಿದೆಯೊಬ್ಬಳ ಹೆಸರು ಹೇಳಿಕೊಂಡು, ಮಕ್ಕಳಿಗೆ ಅವಕಾಶ ಕೊಡಿಸುವುದಾಗಿ ಪೋಷಕರಿಂದ ಹಣ ಪಡೆದ ಪ್ರಕರಣ ಪೊಲೀಸ್ ಠಾಣೆ ಹತ್ತಿತು. ಅವಕಾಶಕ್ಕೆಂದು ಹಣ ಕೇಳಿದರೆ ಅದು ಮೋಸವೆಂದೇ ತಿಳಿಯುವುದು ಕ್ಷೇಮ.

‘ಗುಬ್ಬಿ ಕಂಪನಿಯಲ್ಲಿ ಮಕ್ಕಳಿರಲಿಲ್ಲವೇ?’

ಕಲಾವಿದರ ಕಡೆಯಿಂದ ಬರುವ ವಾದ ಹೀಗಿದೆ: ಮಕ್ಕಳ ಅಭಿನಯವನ್ನು ಇಟ್ಟಿಗೆ ಗೂಡಿನ ಕೂಲಿಗೆ ಹೋಲಿಸುವುದು ಕಲೆಗೆ ಮಾಡುವ ಅವಮಾನ. ಈ ವಾದಕ್ಕೆ ತುಮಕೂರು ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಬೇರೆಲ್ಲೂ ಸಿಗದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಬಂದದ್ದೇ ಬಾಲನಟರಾಗಿ. ಡಾ. ರಾಜ್‌ಕುಮಾರ್ ಅಪ್ಪನ ಬೆನ್ನಿಗೆ ಆ ಕಂಪನಿಗೆ ಬಂದಾಗ ಹುಡುಗ. ಬಿ.ವಿ. ಕಾರಂತರು ಮನೆ ಬಿಟ್ಟು ಬಂದು ಸೇರಿದ್ದೂ ಅಲ್ಲಿಗೇ. ತಿಪಟೂರಿನ ನರಸಿಂಹರಾಜು ಬಣ್ಣ ಹಚ್ಚಿದ್ದು ಅಕ್ಷರ ಕಲಿಯುವ ವಯಸ್ಸಿನಲ್ಲಿ. ಇವರನ್ನೆಲ್ಲ ಐದು ಗಂಟೆಯ ನಿಯಮ ಹಾಕಿ ಮನೆಗೆ ಕಳಿಸಿದ್ದರೆ ಕನ್ನಡ ರಂಗಭೂಮಿ ಏನಾಗುತ್ತಿತ್ತು?

ವಾದದಲ್ಲಿ ಹುರುಳಿದೆ. ಕಲೆಯನ್ನು ಎಳವೆಯಲ್ಲಿ ಕಲಿತವರ ಮೈಯಲ್ಲಿ ಅದು ಬೇರೆಯೇ ರೀತಿ ಇಳಿಯುತ್ತದೆ. ರಾಷ್ಟ್ರಪ್ರಶಸ್ತಿ ಪಡೆದ ಬಾಲನಟ ಪುನೀತ್ ರಾಜ್‌ಕುಮಾರ್ ನಾಡು ಮೆಚ್ಚುವಂತೆ ಬೆಳೆದದ್ದೂ ಕಣ್ಣೆದುರಿಗಿದೆ. ಆದರೆ ನಮಗೆ ಹೆಸರು ಗೊತ್ತಿರುವುದು ಗೆದ್ದವರದ್ದು ಮಾತ್ರ. ಅದೇ ಕ್ಯಾಂಪುಗಳಲ್ಲಿ ಬಾಲಕೃಷ್ಣ, ಲೋಹಿತಾಶ್ವ ಪಾತ್ರ ಮಾಡಿ, ಗಂಟಲು ಒಡೆದ ಮೇಲೆ ಪಾತ್ರವಿಲ್ಲದೆ, ಓದೂ ಇಲ್ಲದೆ ಊರಿಗೆ ಮರಳಿದ ಹುಡುಗರ ಆತ್ಮಕಥೆಯನ್ನು ಯಾರೂ ಬರೆಸಲಿಲ್ಲ. ರಾಜ್‌ಕುಮಾರ್ ಶಾಲೆ ಹೆಚ್ಚು ಕಾಣದೇ ಉಳಿದದ್ದನ್ನು ನಾವು ಸಾಧನೆಯ ಕಥೆಯಾಗಿ ಹೇಳುತ್ತೇವೆ, ರಾಜ್‌ಕುಮಾರ್ ಆಗದವರಿಗೆ ಅದು ಬರೀ ಓದು ತಪ್ಪಿದ ಕಥೆ.

ಇನ್ನೊಂದು ತುದಿಯಲ್ಲಿ, ಈ ವಿನಾಯಿತಿಯೇ ಬೇಡ ಎನ್ನುವ ಮಕ್ಕಳ ಹಕ್ಕುಗಳ ಹೋರಾಟಗಾರರಿದ್ದಾರೆ. ಕಿಂಡಿ ಬಿಟ್ಟರೆ ಅದರೊಳಗೆ ಏನು ಬೇಕಾದರೂ ನುಸುಳುತ್ತದೆ ಎಂಬುದು ಅವರ ಮಾತು. ತೆರೆಯ ಮೇಲೆ ಮಕ್ಕಳೇ ಇಲ್ಲದ ನಾಟಕ, ಸಿನಿಮಾ ಊಹಿಸುವುದು ಕಷ್ಟ, ಹಾಗಾಗಿ ಪೂರ್ತಿ ನಿಷೇಧ ನಡೆಯುವ ಮಾತಲ್ಲ. ಕಿಂಡಿಗೆ ಕಾವಲಿಲ್ಲ ಎಂಬ ಅವರ ದೂರು ಮಾತ್ರ ಅಕ್ಷರಶಃ ನಿಜ.

ಅಪ್ಪನೇ ನಿರ್ಮಾಪಕ, ಮನೆಯೇ ಸ್ಟುಡಿಯೊ

ವಾಹಿನಿಯ ಮಕ್ಕಳಿಗಾದರೂ ನಿರ್ಮಾಪಕ ಎಂಬ ಹೊರಗಿನವನಿದ್ದಾನೆ. ಯೂಟ್ಯೂಬ್, ಇನ್‌ಸ್ಟಾಗ್ರಾಂನಲ್ಲಿ ಮಗುವಿನ ರೀಲ್ಸ್ ಹಾಕಿ ದುಡಿಯುವ ಮನೆಗಳಲ್ಲಿ ಆ ಒಂದು ಗೋಡೆಯೂ ಬಿದ್ದುಹೋಗಿದೆ. ಮನೆಯ ಕಸುಬಿಗೆ ನೆರವು ಎಂಬ ಮೊದಲ ಕಿಂಡಿಯಲ್ಲಿ ಇದು ಸೇರುತ್ತದೆಯೋ, ಕಲಾವಿದರೆಂಬ ಎರಡನೆಯದರಲ್ಲೋ ಎಂಬುದು ವಾದಕ್ಕೆ ಬಿಟ್ಟ ವಿಷಯ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿ ಸಾಮಾಜಿಕ ಜಾಲತಾಣವನ್ನೂ ಒಳಗೆ ತಂದಿತು. ಆದರೆ ತಿಂಗಳಿಗೊಮ್ಮೆ ಖಾತೆಗೆ ಬೀಳುವ ಜಾಹೀರಾತಿನ ಹಣದಲ್ಲಿ ಮಗುವಿನ ಪಾಲು ಎಷ್ಟೆಂದು ಅಳೆಯುವವರು ಯಾರು?

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈನಿಂದ, ವಿಡಿಯೊಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳಿಗೆ ಪಾಲು ತೆಗೆದಿಡಬೇಕೆಂಬ ಕಾನೂನಿದೆ. ಅದೇ ವರ್ಷ ಕ್ಯಾಲಿಫೋರ್ನಿಯ ತನ್ನ ಹಳೆಯ ಕಾನೂನನ್ನು ಅವರಿಗೂ ಚಾಚಿತು. ಯೂಟಾ ರಾಜ್ಯದ ರೂಬಿ ಫ್ರಾಂಕಿ ಎಂಬ ಜನಪ್ರಿಯ ಯೂಟ್ಯೂಬ್ ತಾಯಿ ಸ್ವಂತ ಮಕ್ಕಳನ್ನು ಹಿಂಸಿಸಿದ್ದಕ್ಕಾಗಿ 2024ರಲ್ಲಿ ಜೈಲು ಸೇರಿದ್ದು, ಹಿರಿಯ ಮಗಳು ಮರುವರ್ಷ ಆತ್ಮಕಥನ ಬರೆದದ್ದು ಅಲ್ಲಿನ ಶಾಸಕರನ್ನು ಎಬ್ಬಿಸಿತು. ಅಂದರೆ ಇಂಥ ಬರಹಗಳಿಂದ ಆಗುವ ಬದಲಾವಣೆ ಮೊದಲು ಕಾಣುವುದು ಶಾಸನಸಭೆಯಲ್ಲಿ, ಬರೆದವರ ಮನೆಯಲ್ಲಿ ಅಲ್ಲ.

ಕನ್ನಡದಲ್ಲಿ ಯಾರಾದರೂ ಬರೆದರೆ?

ಸತ್ತವರ ಬಗ್ಗೆ ಬರೆದರೆ ಅವರು ಉತ್ತರ ಕೊಡಲಾರರು ಎಂಬ ಆಕ್ಷೇಪಕ್ಕೆ ತೂಕವಿದೆ. ಕಾನೂನೂ ಅದನ್ನು ಗಮನಿಸಿದೆ. ಮೃತರ ಮೇಲಿನ ಆರೋಪ, ಅವರ ಹತ್ತಿರದವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಮಾನಹಾನಿಯಾಗಬಹುದು. ನಮ್ಮಲ್ಲಿ ಮಾನಹಾನಿ ಜೈಲಿನ ಅಪರಾಧವೂ ಹೌದು. ಸತ್ಯವಾಗಿದ್ದು ಸಾರ್ವಜನಿಕ ಹಿತಕ್ಕೆ ಹೇಳಿದ್ದಾದರೆ ರಕ್ಷಣೆಯಿದೆ, ಆದರೆ ಅದನ್ನು ಸಾಬೀತು ಮಾಡುವ ಹೊರೆ ಬರೆದವರದು. ಮೂವತ್ತು ವರ್ಷ ಹಿಂದೆ ನಾಲ್ಕು ಗೋಡೆಯೊಳಗೆ ಆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಈ ದಾರಿಯಲ್ಲಿ ಒಂದು ದೀಪ 2021ರ ಫೆಬ್ರುವರಿಯಲ್ಲಿ ಹತ್ತಿತು. ಪತ್ರಕರ್ತೆ ಪ್ರಿಯಾ ರಮಾನಿ ಅವರ ಮೇಲೆ ಮಾಜಿ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನಹಾನಿ ಮೊಕದ್ದಮೆಯನ್ನು ವಜಾ ಮಾಡಿದ ದೆಹಲಿಯ ನ್ಯಾಯಾಲಯ, ಹೆಣ್ಣುಮಗಳು ತನಗಾದ ಅನ್ಯಾಯವನ್ನು ತಾನು ಆರಿಸಿಕೊಂಡ ವೇದಿಕೆಯಲ್ಲಿ, ದಶಕಗಳ ನಂತರವಾದರೂ ಹೇಳಿಕೊಳ್ಳಬಹುದು ಎಂದಿತು. ಅದು ವಿಚಾರಣಾ ನ್ಯಾಯಾಲಯದ ತೀರ್ಪು, ಎಲ್ಲರನ್ನೂ ಕಟ್ಟಿಹಾಕುವಂಥದ್ದಲ್ಲ. ಹಾಗಿದ್ದರೂ ವಕೀಲರ ಬಾಯಲ್ಲಿ ಇಂದಿಗೂ ಇದೆ.

ಮುಂದಿನ ಎರಡು ಮೂರು ವರ್ಷ

2016, 2017ರ ಸುಮಾರಿಗೆ ಕನ್ನಡ ವಾಹಿನಿಗಳಲ್ಲಿ ಮಕ್ಕಳ ರಿಯಾಲಿಟಿ ಷೋಗಳ ಅಲೆ ಎದ್ದಿತು. ಠೇವಣಿಯ ನಿಯಮ ಬಂದದ್ದೂ ಅದೇ ಹೊತ್ತಿಗೆ. ಆಗ ಎಂಟು ಹತ್ತು ವರ್ಷದವರಾಗಿದ್ದ ಮಕ್ಕಳು ಈಗ ಒಬ್ಬೊಬ್ಬರಾಗಿ ಹದಿನೆಂಟು ದಾಟುತ್ತಿದ್ದಾರೆ. ನಿಯಮ ಪಾಲನೆಯಾಗಿದ್ದರೆ, ಸಂಭಾವನೆ ಪಡೆದ ಪ್ರತಿಯೊಬ್ಬರ ಹೆಸರಿನಲ್ಲೂ ಯಾವುದಾದರೂ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಒಂದು ಠೇವಣಿ ಇರಬೇಕು, ಅದನ್ನು ಬಿಡಿಸಿಕೊಳ್ಳುವ ಹಕ್ಕು ಅವರಿಗೆ ಬಂದಿರಬೇಕು. ಇಲ್ಲದಿದ್ದರೆ ಕೇಳಬೇಕಾದದ್ದು ನಿರ್ಮಾಪಕರನ್ನು, ಏಕೆಂದರೆ ಷರತ್ತುಗಳನ್ನು ಪಾಲಿಸುವ ಹೊಣೆ ಅವರದ್ದು. ಕಾಯ್ದೆ ಮೀರಿ ಮಗುವನ್ನು ದುಡಿಸಿಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ.

ನಮ್ಮಲ್ಲಿ ಆತ್ಮಕಥೆಗಳು ಬರುವ ಮೊದಲೇ ಪಾಸ್‌ಬುಕ್‌ನ ಪ್ರಶ್ನೆ ಏಳುವ ಸಾಧ್ಯತೆ ಹೆಚ್ಚು. ಕೂಗನ್ ಕೋರ್ಟಿಗೆ ಹೋದದ್ದು 23ನೇ ವಯಸ್ಸಿಗೆ, ಅದೂ ಹಣದ ಲೆಕ್ಕ ಕೇಳಲು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿ ಕಚೇರಿಗಳಿಗೆ 2017ರಿಂದ ಈಚೆಗೆ ಎಷ್ಟು ನಮೂನೆ ‘ಸಿ’ ಬಂದಿವೆ, ಎಷ್ಟರ ಸ್ಥಳ ತನಿಖೆಯಾಗಿದೆ ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಬೆಂಗಳೂರಿನ ಕಚೇರಿಗೂ ಅದೇ ಪ್ರಶ್ನೆ ಹಾಕಬಹುದು, ಜೊತೆಗೆ ಒಂದು ಸಾಲು ಸೇರಿಸಿ: ಆ ಪಟ್ಟಿಗಳಲ್ಲಿ ಹೊರಜಿಲ್ಲೆಯ ಮಕ್ಕಳು ಎಷ್ಟು?